ತಪಸಿ ಗಿಡದ ಒಣಗಿದ ಮಗ್ಗಲು

ಸಿಂಧನೂರು
೧೨ ಮಾರ್ಚ್ ೨೦೨೫

ಬುಡ್ಡೇಸಾಬ್ ಕಾಕಾ,

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ನಿಮ್ಮ ಮಗ ಮುಷರಫ್‌ಗೆ ಹೇಳಿದರೆ ಅರ್ಧ ಮಾತ್ರ ನಿಮಗೆ ಮುಟ್ಟುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಜನವರಿಯಲ್ಲಿ ನೀವು ಕಳಿಸಿಕೊಟ್ಟ ಕುಂಡದ ತಪಸಿ ಗಿಡದ ವಿಷಯ. ಫೆಬ್ರವರಿಯಲ್ಲಿ ಎಲೆ ಉದುರಿಸಿತು. ಪ್ರತಿ ವರ್ಷ ಹಾಗೇ ಉದುರಿಸುತ್ತದೆ ಎಂದು ನೀವೇ ಹೇಳಿದ್ದಿರಿ, ಹೆದರಲಿಲ್ಲ. ಈ ವಾರ ಬಲಗಡೆಯ ಟೊಂಗೆಯಲ್ಲಿ ಚಿಗುರು ಬಂದಿದೆ. ಎಡಗಡೆಯ ದೊಡ್ಡ ಟೊಂಗೆಯಲ್ಲಿ ಒಂದೂ ಇಲ್ಲ. ಆ ಮಗ್ಗುಲಿನ ಕಾಂಡದ ತೊಗಟೆ ಕಪ್ಪಾಗಿ ಒಳಕ್ಕೆ ಕುಸಿದಿದೆ. ನೀರು ದಿನಾ ಬೆಳಿಗ್ಗೆ ಹಾಕುತ್ತಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ.

ಕಾಕಾ, ಒಂದು ಮಾತು ಕೇಳಲೇ? ಎರಡು ಅಡಿ ಎತ್ತರದ ಗಿಡ, ಆದರೆ ದೂರದಿಂದ ನೋಡಿದರೆ ಹೊಲದ ಬದುವಿನ ನೂರು ವರ್ಷದ ಮರ. ಇಂಥದ್ದನ್ನು ಮಗ ಸೊಸೆಗೆ ಕೊಡುವುದು ಬಿಟ್ಟು ನನಗೆ ಯಾಕೆ ಕೊಟ್ಟಿರಿ? ಪ್ರವಾಸಿ ಮಂದಿರದಲ್ಲಿ ನೀವು ಮಾಲಿ, ನಮ್ಮವ್ವ ಕಸ ಹೊಡೆಯುವವಳು, ನಾನು ಆ ಅಂಗಳದಲ್ಲಿ ಆಡಿದವಳು, ಅಷ್ಟೇ. ಬೇರೆಯವರ ಜೀವ ಕೈಯಲ್ಲಿ ಹಿಡಿದುಕೊಂಡಂತೆ ಆಗಿದೆ ನನಗೆ.

ಏನು ಮಾಡಬೇಕು, ತಕ್ಷಣ ಬರೆಯಿರಿ.

ಅಮರೇಶ್ವರಿ


ಲಿಂಗಸುಗೂರು
೧೮ ಮಾರ್ಚ್ ೨೦೨೫

ಮಗಳು ಅಮರೇಶ್ವರಿಗೆ,

ನಿನ್ನ ಕಾಗದ ರೋಜಾ ಬಿಡೂತನ ಮತ್ತ ಮತ್ತ ಓದಿದೆ. ಮೂವತ್ತಾರು ವರ್ಷ ನನ್ನ ಕೈಯಾಗ ಇತ್ತು, ಒಂದು ಟೊಂಗಿ ಒಣಗಿಲ್ಲ. ನಿನ್ನ ಮನಿಗೆ ಬಂದು ಎರಡು ತಿಂಗಳಿಗೆ ಒಣಗೈತಿ ಅಂದ್ರ ನೀ ಏನೋ ಮಾಡಿದ್ದೀ. ನೀರು ಹೆಚ್ಚು ಹಾಕಿದ್ದೀ. ಸಾಲಿ ಕಲಸೋ ಮಂದಿ ನೀವು, ಎಲ್ಲಾದಕ್ಕೂ ಟೈಮ್ ಟೇಬಲ್ ಹಾಕತೀರಿ. ಮಣ್ಣು ಮುಟ್ಟಿ ನೋಡಿ ಹಾಕಬೇಕು, ಗಡಿಯಾರ ನೋಡಿ ಅಲ್ಲ.

ಈಗ ಹಿಂಗ ಮಾಡು. ಹೆಬ್ಬೆರಳಿನ ಉಗುರಿಲೆ ತೊಗಟಿ ಇಷ್ಟೇ ಇಷ್ಟು ಕೆರಿ. ಒಳಗ ಹಸರು ಕಂಡು, ನಾತ ಬಂದ್ರ ಅಲ್ಲಿ ಜೀವ ಐತಿ. ತಪಸಿ ಹಸೀ ತೊಗಟಿ ಗಬ್ಬು ನಾರತೈತಿ, ನಿನಗ ಗೊತ್ತಿರಬೇಕು. ಕಂದು ಕಂಡ್ರ, ನಾತ ಇಲ್ಲಂದ್ರ ಸತ್ತೈತಿ. ಮ್ಯಾಲಿಂದ ಕೆಳಗ ಕೆರಕೋತ ಬಾ. ಎಲ್ಲಿ ಜೀವ ನಿಂತೈತಿ ಅಲ್ಲಿ ಸುಣ್ಣದ ಗೆರಿ ಎಳಿ. ವಾರ ಬಿಟ್ಟು ನೋಡು, ಸಾವು ಗೆರಿ ದಾಟೈತೋ ಇಲ್ಲೋ ತಿಳಿತೈತಿ.

ಹಿಂದಿನ ಮಗ್ಗಲಕ, ಬುಡದಿಂದ ನಾಕು ಬೆರಳು ಮ್ಯಾಲೆ ಒಂದು ಗಂಟೈತಿ. ಅದು ಹಳೇದು. ಅದನ್ನ ಮುಟ್ಟಬ್ಯಾಡ.

ನಿನಗ್ಯಾಕ ಕೊಟ್ಟೆ ಅಂದ್ರ, ನನ್ನ ಮೊಣಕಾಲು ಗಿಡ ಇಟ್ಟ ಮಾಳಿಗಿ ಹತ್ತಗೊಡವಲ್ಲವು. ಅಷ್ಟ.

ಬುಡ್ಡೇಸಾಬ್


ಸಿಂಧನೂರು
೨ ಏಪ್ರಿಲ್ ೨೦೨೫

ಕಾಕಾ,

ಮೊನ್ನೆ ಹಬ್ಬ ಚೆನ್ನಾಗಿ ಆಯಿತೆಂದು ತಿಳಿದಿದ್ದೇನೆ.

ನೀವು ಹೇಳಿದಂತೆ ಕೆರೆದೆ. ಎಡ ಟೊಂಗೆ ತುದಿಯಿಂದ ಬುಡದವರೆಗೂ ಕಂದು. ಕಾಂಡದ ಎಡ ಮಗ್ಗುಲೂ ಕಂದು. ಬಲ ಟೊಂಗೆಯಲ್ಲಿ ಹಸಿರು ಕಂಡಿತು, ನಾತಕ್ಕೆ ಮೂಗು ಮುಚ್ಚಿಕೊಂಡೆ. ಕೆಟ್ಟ ವಾಸನೆಗೆ ಇಷ್ಟು ಖುಷಿಪಟ್ಟದ್ದು ಜೀವನದಲ್ಲಿ ಇದೇ ಮೊದಲು. ಸುಣ್ಣದ ಗೆರೆ ಎಳೆದು ಫೋಟೋ ತೆಗೆಸಿದ್ದೇನೆ, ಇದರ ಜೊತೆ ಎರಡು ಪ್ರತಿ ಇಟ್ಟಿದ್ದೇನೆ ನೋಡಿ.

ಒಂದು ವಿಚಿತ್ರ. ಗೆರೆ ಮೇಲಿನಿಂದ ಇಳಿದು, ನೀವು ಹೇಳಿದ ಗಂಟಿನ ಹತ್ತಿರ ಬಂದು ಸೇರುತ್ತದೆ. ಗಂಟಿನ ಸುತ್ತ ನಾಲ್ಕೂ ಕಡೆ ಸತ್ತಿದೆ. ಸಾವು ಮೇಲಿನಿಂದ ಕೆಳಗೆ ಬಂದಂತೆ ಕಾಣುವುದಿಲ್ಲ ಕಾಕಾ, ಅಲ್ಲಿಂದಲೇ ಮೇಲಕ್ಕೆ ಹೋದಂತಿದೆ. ಗಂಟನ್ನು ಉಗುರಿನಿಂದ ತಟ್ಟಿದರೆ ಕಟ್ಟಿಗೆಯ ಸದ್ದು ಬರುವುದಿಲ್ಲ, ಕಲ್ಲಿನ ಸದ್ದು ಬರುತ್ತದೆ. ಅದು ಏನು?

ಅಮರೇಶ್ವರಿ


ಸಿಂಧನೂರು
೨೪ ಏಪ್ರಿಲ್ ೨೦೨೫

ಕಾಕಾ,

ಮೂರು ವಾರವಾಯಿತು, ನಿಮ್ಮಿಂದ ಒಂದು ಅಕ್ಷರ ಇಲ್ಲ. ಸಿಟ್ಟಾಗಿದ್ದೀರಿ. ಸಿಟ್ಟಾಗಬೇಕಾದದ್ದೇ. ನಾನು ಸುಳ್ಳು ಬರೆದಿದ್ದೆ.

ಫೆಬ್ರವರಿಯಲ್ಲಿ ಹತ್ತು ದಿನ ರಾಯಚೂರಿನಲ್ಲಿ ನನಗೆ ತರಬೇತಿ ಇತ್ತು. ನಮ್ಮನೆಯವರು ವೀರೇಶ ನೀರು ಹಾಕುತ್ತೇನೆ ಎಂದಿದ್ದರು. ಮರೆತರು. ಬಂದು ನೋಡಿದಾಗ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಎಲೆ ಆಗಲೇ ಉದುರಿತ್ತು, ಅದರ ಪದ್ಧತಿ ಎಂದುಕೊಂಡು ಸಮಾಧಾನ ಮಾಡಿಕೊಂಡೆ. ನಿಮಗೆ ಹೇಳುವ ಧೈರ್ಯ ಬರಲಿಲ್ಲ. ನೀವು ನೀರು ಹೆಚ್ಚಾಯಿತೆಂದು ಬೈದಾಗ ಒಳಗೊಳಗೇ ಕುಗ್ಗಿ ಹೋದೆ, ಏಕೆಂದರೆ ನಿಜ ಅದಕ್ಕಿಂತ ಕೆಟ್ಟದಾಗಿತ್ತು.

ಬಿಸಿಲು ವಿಪರೀತ. ಸಾವು ಗೆರೆ ದಾಟಿ ಒಂದು ಬೆರಳು ಬಲಕ್ಕೆ ಬಂದಿದೆ. ಗೊರೇಬಾಳ ರಸ್ತೆಯ ನರ್ಸರಿಯವರಿಗೆ ಫೋಟೋ ತೋರಿಸಿದೆ. “ಬಿಸಾಕ್ರಿ ಮೇಡಂ, ಕುಂಡ ಚಲೋ ಐತಿ, ಗುಲಾಬಿ ಹಚ್ಚಿ ಕೊಡ್ತೀನಿ” ಎಂದರು. ಕುಂಡವನ್ನು ಯಾರೋ ಎತ್ತಿಕೊಂಡು ಓಡಿಹೋದಾರು ಎನ್ನುವಂತೆ ಅವಸರದಲ್ಲಿ ಮನೆಗೆ ಬಂದೆ.

ಈ ಭಾನುವಾರ ಸತ್ತ ಭಾಗ ಕೊಯ್ದು ತೆಗೆಯುತ್ತೇನೆ. ಸುಮ್ಮನೆ ನೋಡುತ್ತ ಕೂರಲು ನನ್ನಿಂದ ಆಗುವುದಿಲ್ಲ. ಕ್ಷಮಿಸಿ.

ಅಮರೇಶ್ವರಿ


ಲಿಂಗಸುಗೂರು
೨೯ ಏಪ್ರಿಲ್ ೨೦೨೫

ಅಮರೇಶ್ವರಿ,

ನನಗ ಸಿಟ್ಟಿಲ್ಲವ್ವ. ಹತ್ತು ದಿನ ನೀರಿಲ್ಲ ಅಂದ್ರ ತಪಸಿಗೆ ಅದು ಲೆಕ್ಕಕ್ಕೇ ಇಲ್ಲ. ಅದು ನಿನ್ನ ತಪ್ಪಲ್ಲ, ವೀರೇಶನ ತಪ್ಪೂ ಅಲ್ಲ. ಅವನಿಗೆ ಏನೂ ಅನಬ್ಯಾಡ.

ಮೂರು ಸಲ ಬರದೆ, ಮೂರು ಸಲ ಹರದೆ. ಕೊಯ್ಯಬ್ಯಾಡ. ನಾನ ಹ್ಯಾಂಗಾದ್ರೂ ಮಾಡಿ ಬರತೀನಿ, ನಾನ ಕೊಯ್ತೀನಿ.

ಬುಡ್ಡೇಸಾಬ್


ಸಿಂಧನೂರು
೪ ಮೇ ೨೦೨೫

ಕಾಕಾ,

ನಿಮ್ಮ ಕಾಗದ ಶುಕ್ರವಾರ ಬಂತು. ನಾನು ಅದಕ್ಕೂ ಮೊದಲೇ, ಭಾನುವಾರವೇ ಕೊಯ್ದಿದ್ದೆ.

ನಮ್ಮ ಓಣಿಯ ಕೊನೆಗೆ ಜುಲ್ಫಿಕರ್ ಎಂದು ಬಡಗಿ ಇದ್ದಾರೆ, ಬಾಗಿಲು ಕೆತ್ತುವವರು. ಸಣ್ಣ ಉಳಿ ಕೇಳಲು ಹೋಗಿದ್ದೆ. ಯಾತಕ್ಕೆ ಎಂದರು, ಹೇಳಿದೆ. ಉಳಿ ಕೊಡಲಿಲ್ಲ, ಉಳಿ ಹಿಡಿದು ತಾವೇ ಬಂದರು. ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

“ಸತ್ತ ಕಟ್ಟಿಗಿ ಪುಡಿಯಾಗಿ ಬೀಳತೈತಿ ಟೀಚರ್” ಎಂದರು. “ಜೀವ ಇದ್ದದ್ದು ಉಳಿಗೆ ಅಂಟತೈತಿ. ಅಂಟಿದಲ್ಲೇ ನಾವು ನಿಲ್ಲಬೇಕು.”

ಮೊದಲು ಎಡ ಟೊಂಗೆ ಗರಗಸದಿಂದ ಇಳಿಸಿದೆವು. ಆಮೇಲೆ ಕಪ್ಪು ತೊಗಟೆ ಬಿಡಿಸುತ್ತ ಬಂದರು. ಕೊನೆಗೆ ಉಳಿದದ್ದು ನೀವು ಮುಟ್ಟಬೇಡ ಎಂದಿದ್ದ ಗಂಟು. ಉಳಿ ಇಟ್ಟರು, ಕಿಡಿ ಹಾರಿತು. ಕಾಕಾ, ಅದು ಗಂಟಲ್ಲ. ಸಿಮೆಂಟು. ಮೇಲೆ ತೊಗಟೆಯ ಪುಡಿ ಅಂಟಿಸಿ ಬಣ್ಣ ಕೂಡಿಸಿದ ಸಿಮೆಂಟು. ನಿಂಬೆಹಣ್ಣಿನಷ್ಟು ದೊಡ್ಡದು ಹೊರಗೆ ಬಂತು. ಅದರ ಹಿಂದೆ ಎಲ್ಲ ಕೊಳೆತು, ಚಹಾ ಸೋಸಿದ ಮೇಲೆ ಉಳಿಯುವ ಪುಡಿಯಂತೆ ಕರ್ರಗೆ ಒದ್ದೆಯಾಗಿತ್ತು. ನೀರು ಹೋಗಲು ದಾರಿಯಿಲ್ಲದೆ ಎಷ್ಟು ವರ್ಷದಿಂದ ನಿಂತಿತ್ತೋ. ಚಮಚದಿಂದ ಗೋರಿ ಗೋರಿ ತೆಗೆದೆ. ಕಾಂಡದಲ್ಲಿ ನನ್ನ ಮುಷ್ಟಿ ಹಿಡಿಯುವಷ್ಟು ಗುಳಿ.

ಇನ್ನು ಇದು ಬದುಕುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಆಗ ಜುಲ್ಫಿಕರ್ ಉಳಿಯನ್ನು ಬಲಕ್ಕೆ ಸರಿಸಿ ನಿಲ್ಲಿಸಿದರು. “ಅಂಟ್ತು” ಎಂದರು. ಇನ್ನೊಂದು ಕಡೆ ಇಟ್ಟರು. “ಇಲ್ಲೂ ಅಂಟ್ತು.” ಹಾಗೆ ಅಂಟಿದ ಕಡೆಯೆಲ್ಲ ನಾನು ಸುಣ್ಣದ ಚುಕ್ಕಿ ಇಡುತ್ತ ಹೋದೆ. ಚುಕ್ಕಿ ಕೂಡಿಸಿದಾಗ ಕಂಡದ್ದನ್ನು ಹೇಗೆ ಬರೆಯಲಿ? ಜೀವ ಇದ್ದದ್ದು ಒಂದು ಪಟ್ಟಿ ಮಾತ್ರ. ಮುಂದಿನ ಬಲಗಡೆಯ ಬೇರಿನಿಂದ ಹೊರಟು, ಹಿಂದಕ್ಕೆ ತಿರುಗಿ, ಕೊಳೆತ ಗುಳಿಯ ಅಂಚನ್ನೇ ಬಳಸಿಕೊಂಡು, ಮತ್ತೆ ಮುಂದೆ ಬಂದು ಬಲ ಟೊಂಗೆಗೆ ಹತ್ತಿದೆ. ಅಗಲ ನನ್ನ ಎರಡು ಬೆರಳು. ಕಾಂಡದ ಉಳಿದ ಭಾಗ ಒಳಗೊಳಗೇ ಎಂದೋ ಸತ್ತಿರಬೇಕು. ಈ ಎರಡು ಬೆರಳಗಲದಲ್ಲಿ ಇಡೀ ಮರಕ್ಕೆ ನೀರು ಹತ್ತಿಸಿದೆ, ಚಿಗುರಿಸಿದೆ, ಏನೂ ಆಗಿಲ್ಲದಂತೆ ನಿಂತಿದೆ.

ಜುಲ್ಫಿಕರ್ ಉಳಿ ಕೆಳಗಿಟ್ಟು ಕೈ ಒರೆಸಿಕೊಂಡರು. “ಇಷ್ಟರ ಮ್ಯಾಲೆ ನಿಂತೈತೇನ್ರೀ ಇದು” ಎಂದರು. ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಬೋರ್ಡಿನ ಮೇಲೆ ಕಾಂಡದ ಚಿತ್ರ ಬರೆದು, ನೀರು ಏರುವ ದಾರಿ ಎಂದು ಬಾಣದ ಗುರುತು ಹಾಕುತ್ತ ಬಂದಿದ್ದೇನೆ. ಆ ದಾರಿಯನ್ನು ಕಣ್ಣಾರೆ ನೋಡಿದ್ದು ಆವತ್ತು.

ಕೊಯ್ದ ಟೊಂಗೆಯ ತುಂಡನ್ನು ಪಾಲಿಶ್ ಕಾಗದದಿಂದ ತಿಕ್ಕಿ, ಶಾಲೆಯ ಭೂತಗನ್ನಡಿ ತಂದು ಉಂಗುರ ಎಣಿಸಿದೆ. ನೀವು ಬೀಜ ಹಾಕಿ ಬೆಳೆಸಿದ್ದು ಎಂಬತ್ತೊಂಬತ್ತರಲ್ಲಿ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಮೂವತ್ತಾರು ಇರಬೇಕು. ಮೂರು ಸಲ ಎಣಿಸಿದೆ, ಅರವತ್ತೆಂಟಕ್ಕಿಂತ ಕಡಿಮೆ ಬರಲಿಲ್ಲ. ವರ್ಷಕ್ಕೆ ಒಂದೇ ಉಂಗುರ ಎಂದು ಖಾತ್ರಿಯಾಗಿ ಹೇಳಲು ಬರುವುದಿಲ್ಲ, ಗೊತ್ತು. ಆದರೂ ಒಳಗಿನ ಮೂವತ್ತು ಚಿಲ್ಲರೆ ಉಂಗುರ ಕೂದಲಿನಷ್ಟು ಸಣ್ಣಗೆ, ಒಂದಕ್ಕೊಂದು ಒತ್ತಿಕೊಂಡು ಇವೆ. ಕುಂಡಕ್ಕೆ ಬರುವ ಮೊದಲೇ ಈ ಗಿಡ ಎಲ್ಲೋ ಮೂವತ್ತು ವರ್ಷ ಬಹಳ ಕಷ್ಟದಲ್ಲಿ ಬದುಕಿದೆ.

ಎಲ್ಲಿ ಬದುಕಿತ್ತು ಕಾಕಾ? ಸಿಮೆಂಟು ತುಂಬಿದವರು ಯಾರು?

ಅಮರೇಶ್ವರಿ


ಲಿಂಗಸುಗೂರು
೧೪ ಮೇ ೨೦೨೫

ಮಗಳೇ,

ಸಿಮೆಂಟು ನಾನ ತುಂಬಿದ್ದು. ಮೊದಲು ಗಿಡದ ಕೆಲಸ ಹೇಳತೀನಿ, ಆಮ್ಯಾಲೆ ನನ್ನ ಕೆಲಸ.

ಗುಳಿ ತೆರದ ಇಡು. ಏನೂ ತುಂಬಬ್ಯಾಡ. ಕೆಳಗ ಸಣ್ಣ ಕಂಡಿ ಕೊರಿ, ನೀರು ಇಳದು ಹೋಗಲಿ. ಒಣಗಿದ ಕಟ್ಟಿಗಿಗೆ ಸುಣ್ಣ ಗಂಧಕ ಕೂಡಿಸಿ ಕುದಿಸಿದ ನೀರು ಹಚ್ಚು, ಜೀವ ಇದ್ದ ಪಟ್ಟಿಗೆ ತಾಗಬಾರದು. ಪಟ್ಟಿ ಅಂಚಿಗೆ ಜೇನುಮೇಣ ಸವರು. ನೆಳ್ಳಾಗ ಇಡು. ಗೊಬ್ಬರ ಬ್ಯಾಡ. ಕುಂಡ ಬದಲಿ ಮಾಡಬ್ಯಾಡ. ಮಳಿ ಬರೂತನ ಕಾಯಬೇಕು. ಕಾಯೋದ ದೊಡ್ಡ ಕೆಲಸ.

ನಾ ಬೀಜ ಹಾಕಿಲ್ಲ ಅಮರೇಶ್ವರಿ. ಆ ಗಿಡ ಮಸ್ಕಿ ಹತ್ರದ ಗುಡ್ಡದ್ದು.

ಎಂಬತ್ತೊಂಬತ್ತರಾಗ ಪ್ರವಾಸಿ ಮಂದಿರದ ತೋಟಕ್ಕ ಅಂಚುಗಲ್ಲು ಬೇಕಾಗಿದ್ದವು. ತರಾಕ ಹೋಗಿದ್ದೆ. ಅಲ್ಲಿ ರಸ್ತಾ ಕೆಲಸಕ್ಕ ಕಲ್ಲು ಒಡಿಯೋ ಮಂದಿ ಇದ್ದರು. ಅದರಾಗ ಒಬ್ಬವ ನನ್ನ ಕೈ ಹಿಡದು, “ಮಾಲಿ ಅದೀ ಅಂತಲ್ಲ, ಬಾ, ಒಂದು ತೋರಸ್ತೀನಿ” ಅಂದ. ದೊಡ್ಡ ಬಂಡಿಗಲ್ಲಿನ ಬಿರುಕಿನ್ಯಾಗ ಗೇಣುದ್ದದ ತಪಸಿ. ಮೈ ತಿರಿವಿಕೊಂಡು, ಮುದುಕನಂಗ ಆಗಿತ್ತು. ಮರದಿನ ಆ ಬಂಡಿಗೆ ಮದ್ದು ಇಡೋರಿದ್ದರು.

“ಇದು ನಮಗಿಂತ ಹಿರೇದೈತಿ, ಚೂರಾಗಬಾರದು” ಅಂದ ಆತ. ಮುಂಜಾನೆ ಕುಂತವ ಹೊತ್ತು ಮುಣಗೂತನ ಏಳಲಿಲ್ಲ. ಉಳಿ ಸುತ್ತಗಿ ಹಿಡದು ಬೇರಿನ ಸುತ್ತ ಕಲ್ಲು ಬಿಡಿಸಿದ. ಮೇಸ್ತ್ರಿ ಬೈದ, ಆತ ತಲಿ ಎತ್ತಲಿಲ್ಲ. ಕಡೀ ಏಟಿಗೆ ಉಳಿ ಜಾರಿ ಕಾಂಡಕ್ಕ ಬಡೀತು, ಹೆಬ್ಬೆರಳಗಲ ತೊಗಟಿ ಹಾರಿತು. ತನ್ನ ಬೆರಳ ಹೋದಂಗ ಒದರಿಬಿಟ್ಟ ಆತ. ತಲಿ ರುಮಾಲು ಬಿಚ್ಚಿ, ನೀರಾಗ ತೊಯ್ಸಿ, ಬೇರಿಗೆ ಸುತ್ತಿ ನನ್ನ ಕೈಯಾಗ ಕೊಟ್ಟ. “ನಮ್ಮದು ಗುಡಿಸಲು, ಇವತ್ತಿಲ್ಲಿ ನಾಳೆ ಅಲ್ಲಿ. ನಿನ್ನ ಹಂತ್ಯಾಕ ನೀರೈತಿ, ನೆಳ್ಳೈತಿ. ನೋಡಬೇಕನಿಸಿದಾಗ ಬರತೀನಿ” ಅಂದ.

ಆತ ನರಸಣ್ಣ. ನಿಮ್ಮಪ್ಪ.

ಎರಡು ವರ್ಷ ಬಂದ. ಬಂದಾಗೆಲ್ಲ ಗಿಡದ ಮುಂದ ಕುಂತು ಬೀಡಿ ಸೇದಿ ಹೋಗತಿದ್ದ. ಆಮ್ಯಾಲೆ ಎದಿಯಾಗ ಕಲ್ಲುಪುಡಿ ಕುಂತು ಹೋಗಿಬಿಟ್ಟ, ಆಗ ನಿನಗ ಮೂರು ವರ್ಷ. ನಿಮ್ಮವ್ವ ಹುಸೇನಮ್ಮಗ ಪ್ರವಾಸಿ ಮಂದಿರದಾಗ ಕೆಲಸ ಕೊಡಸ್ರಿ ಅಂತ ನಾನ ಸಾಹೇಬರ ಮುಂದ ನಿಂತಿದ್ದೆ. ಅದನ್ನೊಂದು ಚಲೋದು ಮಾಡೀನಿ.

ತೊಂಬತ್ತಾರರಾಗ ಜಿಲ್ಲಾ ಪುಷ್ಪ ಪ್ರದರ್ಶನಕ್ಕ ಗಿಡ ಒಯ್ದೆ. ಉಳಿ ಬಡದ ಗಾಯ ಗುಳಿ ಬಿದ್ದಿತ್ತು, ಅದು ಕಂಡ್ರ ಬಹುಮಾನ ಬರಾಂಗಿಲ್ಲ ಅಂತ ಯಾರೋ ಅಂದರು. ಸಿಮೆಂಟು ಮೆತ್ತಿ ಮುಚ್ಚಿದೆ. ಹ್ಯಾಂಗ ಬೆಳಸಿದಿ ಅಂತ ಕೇಳಿದರು. ಬೀಜದಿಂದ ಅಂದೆ. ಬಾಯಾಗ ಬಂದುಬಿಡ್ತು. ಮೊದಲನೇ ಬಹುಮಾನ, ಹಾರ, ಪೇಪರಿನ್ಯಾಗ ನನ್ನ ಹೆಸರು. ತಿರುಗಿ ಬಂದಾಗ ನಿಮ್ಮವ್ವ ಅಂಗಳ ಹೊಡಿಯಾಕತ್ತಿದ್ದಳು. ಹಾರ ನೋಡಿದಳು, ಏನೂ ಅನ್ನಲಿಲ್ಲ. ಅಕೀಗೆ ಗೊತ್ತಿಲ್ಲ ಅಂತ ತಿಳಕೊಂಡೆ. ಆವತ್ತು ಹೇಳಲಿಲ್ಲ. ಮರುವರ್ಷ ಹೇಳೋದು ಇನ್ನೂ ಕಠಿಣ ಆತು. ಹಂಗ ಮೂವತ್ತು ವರ್ಷ ಹೋತು.

ಗಿಡ ಕೊಟ್ಟೆನಂದ್ರ ಎಲ್ಲಾ ತೀರಿತು ಅಂತ ಅನಕೊಂಡಿದ್ದೆ. ಹೇಳೋದು ಬಿಟ್ಟು ಕೊಟ್ಟೆ. ನಾ ಮುಚ್ಚಿದ್ದು ಒಳಗ ಕೊಳೀತು, ಬೈಸಿಕೊಂಡಾಕಿ ನೀ.

ನೀ ಏನಂದ್ರೂ ಕೇಳತೀನಿ.

ಬುಡ್ಡೇಸಾಬ್


ಸಿಂಧನೂರು
೨೯ ಜೂನ್ ೨೦೨೫

ಕಾಕಾ,

ಆರು ವಾರ ನಿಮಗೆ ಬರೆಯಲಿಲ್ಲ. ಬರೆಯಲು ಕೂತರೆ ಸಿಟ್ಟು ಬರುತ್ತಿತ್ತು. ನಮ್ಮಪ್ಪನದು ಎಂದು ನನ್ನ ಹತ್ತಿರ ಒಂದು ಫೋಟೋ ಸಹ ಇಲ್ಲ. ಹದಿನೈದು ವರ್ಷ ಆ ಅಂಗಳದಲ್ಲಿ, ಆ ಕುಂಡದ ಪಕ್ಕದಲ್ಲೇ ಕುಂಟಾಬಿಲ್ಲೆ ಆಡಿದ್ದೇನೆ. ಅಪ್ಪ ಕೈಯಾರೆ ಬಿಡಿಸಿ ತಂದದ್ದು ಕಣ್ಣೆದುರೇ ಇತ್ತು. ಒಂದು ಮಾತು ಹೇಳಿದ್ದರೆ ದಿನಾ ಮುಟ್ಟಿ ಹೋಗುತ್ತಿದ್ದೆ. ನಿಮ್ಮ ಮೇಲೆ ನನಗೆ ಎಷ್ಟು ಗೌರವವೋ ಅಷ್ಟೇ ನೋವೂ ಆಗಿದೆ. ಮುಚ್ಚಿಡದೆ ಬರೆಯುತ್ತಿದ್ದೇನೆ.

ಗಿಡಕ್ಕೆ ನೀವು ಹೇಳಿದ್ದೆಲ್ಲ ಮಾಡಿದೆ. ಮೇ ಪೂರ್ತಿ ಬಲ ಟೊಂಗೆಯ ಎಲೆ ಬಾಡಿಕೊಂಡೇ ಇತ್ತು. ಜೂನ್ ಎರಡನೇ ವಾರ ಮಳೆ ಬಂತು. ಅದಾದ ಐದನೇ ದಿನ ಪಟ್ಟಿಯ ಅಂಚಿನಲ್ಲಿ ಸಾಸಿವೆಯಷ್ಟು ಏನೋ ಕಂಡಿತು. ಮಣ್ಣು ಎಂದು ಒರೆಸಲು ಹೋದೆ, ಬರಲಿಲ್ಲ. ಚಿಗುರಿನ ಮೊಗ್ಗು. ಅರವತ್ತೆಂಟು ವರ್ಷದ ಒರಟು ಕಾಂಡವನ್ನು ಸೀಳಿಕೊಂಡು ಬಂದಿತ್ತು. ಇವತ್ತಿಗೆ ಹನ್ನೊಂದು ಇವೆ, ಅವುಗಳಲ್ಲಿ ಎರಡು ಎಲೆ ಬಿಟ್ಟಿವೆ. ಸಾವು ಸುಣ್ಣದ ಚುಕ್ಕಿಗಳನ್ನು ದಾಟಿಲ್ಲ. ವೀರೇಶ ದಿನಾ ಬೆಳಿಗ್ಗೆ ನನಗಿಂತ ಮೊದಲು ಎದ್ದು ನೋಡಿ ಬರುತ್ತಾರೆ, ಯಾರಿಗೂ ಹೇಳುವುದಿಲ್ಲ.

ಮೊಗ್ಗು ಕಂಡ ಮೇಲೆ ನನಗೆ ಧೈರ್ಯ ಬಂತು. ಮಸ್ಕಿಗೆ ಅಣ್ಣನ ಮನೆಗೆ ಹೋಗಿ, ಅವ್ವನ ಮುಂದೆ ನಿಮ್ಮ ಕಾಗದ ಓದಿದೆ. ಪೂರ್ತಿ ಕೇಳಿದಳು.

“ನನಗ ಗೊತ್ತಿತ್ತಲ್ಲ” ಎಂದಳು. “ಅದನ್ನ ಬಿಡಸೋ ದಿನ ಬುತ್ತಿ ಒಯ್ದಾಕಿ ನಾನ. ಬುಡ್ಡೇಸಾಬಗ ನೆಪ್ಪಿಲ್ಲ.”

“ಮತ್ತ ಯಾಕ ಸುಮ್ಮನಿದ್ದೀ?”

“ಗಿಡ ಒಣಗಿಸಿದ್ರ ಕೇಳತಿದ್ದೆ. ಒಣಗಿಸಲಿಲ್ಲ. ದಿನಾ ಮೊದಲು ಅದರ ಸುತ್ತ ಕಸ ಹೊಡದು ಆಮ್ಯಾಲೆ ಉಳಿದ ಅಂಗಳ ಹೊಡೀತಿದ್ದೆ. ಹೆಸರು ಒಂದು ಹೇಳಿದ್ರ ಚಲೋ ಇತ್ತು. ಹೇಳತಾನ, ಹೇಳತಾನ ಅಂತ ನೋಡಿದೆ.” ಚಪ್ಪಲಿ ಮೆಟ್ಟುತ್ತ, “ನಡಿ, ಗುಡ್ಡಕ ಹೋಗೋಣು” ಎಂದಳು.

ಊರ ಹೊರಗೆ ಆಟೋ ಇಳಿದು ನಡೆದೆವು. ಅವ್ವನಿಗೆ ಎಪ್ಪತ್ತರ ಹತ್ತಿರ ಬಂತು, ದಾರಿ ಕೇಳದೆ ಹತ್ತಿದಳು. ಅಪ್ಪ ಗಿಡ ಬಿಡಿಸಿದ ಮರುದಿನ ಮದ್ದು ಇಟ್ಟರಂತೆ, ಬಂಡೆ ಅರ್ಧ ಒಡೆದು ಅರ್ಧ ಹಾಗೇ ಉಳಿಯಿತಂತೆ. ಆಮೇಲೆ ಆ ಕೆಲಸವೇ ನಿಂತುಹೋಯಿತಂತೆ. ಉಳಿದ ಅರ್ಧ ಅಲ್ಲೇ ಇದೆ ಕಾಕಾ.

ಆ ಬಿರುಕಿನಲ್ಲಿ ತಪಸಿ ಇದೆ.

ಅಪ್ಪ ತೆಗೆಯುವಾಗ ಬೇರಿನ ತುದಿ ಕಲ್ಲಿನ ಒಳಗೇ ಉಳಿದಿರಬೇಕು. ಅದೇ ಚಿಗುರಿದೆ. ನನ್ನ ಮೊಣಕಾಲಿನ ಎತ್ತರ. ಎರಡು ಕಲ್ಲಿನ ನಡುವೆ ಸಿಕ್ಕು ಕಾಂಡ ರೊಟ್ಟಿಯಂತೆ ಚಪ್ಪಟೆಯಾಗಿದೆ. ಮಣ್ಣು ಒಂದು ಹಿಡಿಯೂ ಇಲ್ಲ. ತುಂಬ ಎಲೆ, ಮಳೆಗೆ ತೊಳೆದು ಮಿರಿಮಿರಿ ಮಿಂಚುತ್ತಿದ್ದವು. ಬಾಟಲಿಯ ನೀರು ಹಾಕಲು ಹೋದೆ. ಅವ್ವ ಕೈ ಹಿಡಿದಳು. “ಬ್ಯಾಡ. ಅದಕ್ಕ ಯಾರೂ ಹಾಕಿ ರೂಢಿ ಇಲ್ಲ.”

ನಾನು ಬಗ್ಗಿ ಕಲ್ಲು ನೋಡಿದೆ. ಬಿರುಕಿನ ಅಂಚಿನುದ್ದಕ್ಕೂ ಉಳಿಯ ಗುರುತು ಇವೆ. ಮೂವತ್ತಾರು ಮಳೆಗಾಲ ಕಳೆದರೂ ಅಳಿಸಿಲ್ಲ. ಬೇರಿನಿಂದ ದೂರದಲ್ಲಿ ನನ್ನ ಅಂಗೈ ಅಗಲಕ್ಕೊಂದು, ಆಳವಾಗಿ, ಜೋರಾಗಿ ಹೊಡೆದ ಏಟು. ಬೇರಿನ ಹತ್ತಿರ ಬಂದಂತೆ ಬೆರಳಗಲಕ್ಕೊಂದು. ಇನ್ನೂ ಹತ್ತಿರ ಬಂದರೆ ಉಗುರಿನಷ್ಟು. ಕೊನೆಕೊನೆಗೆ ಅಕ್ಕಿಕಾಳಿನಷ್ಟು ಸಣ್ಣವು, ಲೆಕ್ಕವಿಲ್ಲದಷ್ಟು. ಕಲ್ಲು ಒಡೆದು ಬದುಕುವ ಮನುಷ್ಯ, ಕೈಯ ಬಲವನ್ನೆಲ್ಲ ಹಿಂದಕ್ಕೆ ಹಿಡಿದುಕೊಂಡು, ಕಲ್ಲನ್ನು ಅಷ್ಟು ಮೆಲ್ಲಗೆ ಬಿಡಿಸಿದ್ದ.

ಒಂದೊಂದರಲ್ಲೂ ಬೆರಳಿಟ್ಟು ನೋಡಿದೆ. ನಮ್ಮಪ್ಪ ಎಂಥವನಿದ್ದ ಎಂದು ಯಾರನ್ನು ಕೇಳಿದರೂ ಒಳ್ಳೆಯವನು ಎಂದಷ್ಟೇ ಹೇಳುತ್ತಿದ್ದರು. ಈಗ ನನಗೆ ಗೊತ್ತು.

ನೀವು ಆ ದಿನ ಅಲ್ಲಿ ಕೂತು ನೋಡಿದವರು. ನೀವು ಬರೆಯದಿದ್ದರೆ ಆ ಬಂಡೆ ನನಗೆ ಬರೀ ಬಂಡೆಯಾಗಿ ಉಳಿಯುತ್ತಿತ್ತು. ನೋವು ಹೋಗಿಲ್ಲ ಕಾಕಾ, ಹೋದಾಗ ಹೇಳುತ್ತೇನೆ. ಆದರೆ ಗಿಡ ನೋಡಲು ಬನ್ನಿ. ಅವ್ವನೂ ನನ್ನ ಜೊತೆ ಬಂದು ನಮ್ಮನೆಯಲ್ಲೇ ಇದ್ದಾಳೆ.

ಅಮರೇಶ್ವರಿ


ಲಿಂಗಸುಗೂರು
೫ ಜುಲೈ ೨೦೨೫

ಮಗಳು ಅಮರೇಶ್ವರಿಗೆ,

ನಿನ್ನ ಕಾಗದ ಮುಷರಫ್‌ಗ ಓದಿಸಿದೆ. ಅವನಿಗೂ ಎಲ್ಲಾ ಹೇಳಿದೆ. ಮಕ್ಕಳ ಮುಂದ ಹೇಳೋದು ಇಷ್ಟು ಕಷ್ಟ ಅಂತ ನನಗ ತಿಳಿದಿದ್ದಿಲ್ಲ. ಅವ ಕಾಗದ ಮಡಚಿ ಕೊಟ್ಟು, ಐತವಾರ ರಜಾ ಹಾಕತೀನಿ ಅಂದ.

ಹುಸೇನಮ್ಮ ಬುತ್ತಿ ತಂದಿದ್ದು ನೆಪ್ಪಾತು. ಜ್ವಾಳದ ರೊಟ್ಟಿ, ಹುಳ್ಳಿಕಾಳು ಪಲ್ಯೆ. ನನಗೂ ಕೊಟ್ಟಿದ್ದಳು. ಅಕೀ ಕೈಯಾಗಿನ ರೊಟ್ಟಿ ತಿಂದು, ಅಕೀಗೆ ಗೊತ್ತಿಲ್ಲ ಅಂತ ಮೂವತ್ತು ವರ್ಷ ನಂಬಿಕೊಂಡು ಕುಂತಿದ್ದೆ ನೋಡು.

ಬೇರು ಚಿಗತೈತಿ ಅಂತ ಓದಿದ ಮ್ಯಾಲೆ ಎರಡು ದಿನ ನನಗ ಊಟ ಸೇರಲಿಲ್ಲ. ದುಃಖಕ್ಕ ಅಲ್ಲ. ನನ್ನ ಕೈಯಾಗ ನಲವತ್ತು ವರ್ಷ ಗಿಡ ಬೆಳದಾವ. ನಾ ಬೆಳಸಿದೆ ಅಂತ ಅನಕೊಂಡಿದ್ದೆ. ಯಾರೂ ಇಲ್ಲದ ಕಡೆ, ಒಂದು ಹಿಡಿ ಮಣ್ಣಿಲ್ಲದ ಕಡೆ ಅದು ತಾನ ಬೆಳಕೊಂಡು ನಿಂತೈತಿ.

ಹದಿಮೂರನೇ ತಾರೀಖು ಐತವಾರ ಮುಂಜಾನೆ ಮುಷರಫ್ ಗಾಡಿ ತರತಾನ, ಹತ್ತರ ಸುಮಾರಿಗೆ ಸಿಂಧನೂರು ಮುಟ್ಟತೀವಿ. ನಾ ಬರೋದು ನಿಮ್ಮವ್ವಗ ಮುಂಚೆ ಹೇಳಬ್ಯಾಡ. ಹೇಳಿದ್ರ ಒಲಿ ಮುಂದ ಕುಂತುಬಿಡತಾಳ, ಮಾತಿಗೆ ಸಿಗಾಂಗಿಲ್ಲ. ಮೊದಲು ಅಕೀ ಎದುರು ನಿಂತು ನರಸಣ್ಣನ ಹೆಸರು ಹೇಳತೀನಿ. ಗಿಡ ಆಮ್ಯಾಲೆ ನೋಡತೀನ್ವ.

ಬುಡ್ಡೇಸಾಬ್